ಮ್ಯಾಪಲ್ಲಿ ಗೆರೆ ಎಳೆಯೋದೇನೋ ಸುಲಭ

ಬೈಕಲ್ಲಿ ದೇಶ ದೇಶ ದಾಟಿ ಹೋಗೋ ಪ್ಲಾನ್ ಹಾಕ್ತಾ ಕೂತು ಮೂರು ವಾರ ಆಯ್ತು, ಇನ್ನೂ ರೂಟೇ ಫೈನಲ್ ಆಗಿಲ್ಲ, ಬರೀ ಕಾಗದಪತ್ರಗಳ ಜೊತೆ ಗುದ್ದಾಟ. ನಂಗೆ ವೀಸಾ ಬೇಕು ಅಂತ ಗೊತ್ತಿತ್ತು, ಆದ್ರೆ ಕೆಲವು ದೇಶಗಳಿಗೆ ಬೈಕಿಗೂ ಪಾಸ್‌ಪೋರ್ಟ್ ಥರ ಕಾರ್ನೆ ಅಂತ ಒಂದು ಬೇಕಂತೆ, ಅದು ಒಂದೇ ವರ್ಷ ನಡೆಯೋದು, ಮೊದಲೇ ಡೆಪಾಸಿಟ್ಟೋ ಗ್ಯಾರಂಟಿಯೋ ಇಡಬೇಕು, ಒಳಗೆ ಹೋಗುವಾಗ ಒಂದು ಸೀಲು ಹೊರಗೆ ಬರುವಾಗ ಇನ್ನೊಂದು, ಆ ಎರಡನೇದು ಮರೆತ್ರೋ, ಬೈಕನ್ನ ಅಲ್ಲೇ ಬಿಟ್ಟು ಬಂದಿದೀಯ ಅಂತ ಲೆಕ್ಕ ಹಾಕಿ ಸುಂಕ ಕೇಳ್ತಾರೆ! ಬೇರೆ ದೇಶದಲ್ಲಿ ಗಾಡಿ ಓಡಿಸೋಕೆ ಇಟ್ಕೊಳ್ಳೋ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟಲ್ಲೂ 1949ರ ಜಿನೀವಾ ಒಪ್ಪಂದದ್ದು ಬೇರೆ, 1968ರ ವಿಯೆನ್ನಾದು ಬೇರೆ.

ಇಷ್ಟೆಲ್ಲಾ ಸರಿ ಮಾಡ್ಕೊಂಡ್ರೂ ಪನಾಮಾ ಕೊಲಂಬಿಯಾ ನಡುವೆ ಡೇರಿಯನ್ ಕಾಡಲ್ಲಿ ಸುಮಾರು 100 ಕಿಲೋಮೀಟರ್ ರಸ್ತೆನೇ ಇಲ್ಲ, ಬೈಕನ್ನ ಹಡಗಿಗೋ ವಿಮಾನಕ್ಕೋ ಹಾಕ್ಬೇಕು. ಅಲ್ಲಾ, ಓಡಿಸೋನಿಗಿಂತ ಬೈಕನ್ನ ಒಳಗೆ ಬಿಡೋಕೇ ಜಾಸ್ತಿ ಯೋಚ್ನೆ ಮಾಡ್ತಾರಲ್ಲ, ಅದು ವಾಪಸ್ ಬರತ್ತೆ ಅಂತ ಯಾರೋ ಜಾಮೀನು ನಿಲ್ಬೇಕು, ನಾನು ವಾಪಸ್ ಬರ್ತೀನಿ ಅಂತ ನನ್ ಮಾತು ಸಾಕಾ?

ಇರ್ಲಿ, ರಾತ್ರಿ ಆದ್ರೆ ಮತ್ತೆ ಮ್ಯಾಪ್ ತೆಗೆದು ಕೂರೋನೇ ನಾನು.