ಚಾಸಿ ತಿಂದ ತುಕ್ಕು, ಕೈಕೊಟ್ಟ ವಾರಂಟಿ
ಜುಲೈ 15, 2024, ಸೋಮವಾರ, ಮಲ್ಪೆ

ಬೆಳಿಗ್ಗೆಯಿಂದ ಬಿಡದೆ ಮಳೆ. ಜುಲೈ 31ರ ತನಕ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಹಾಗಾಗಿ ಮೀನು ಸಾಗಿಸುವ ನನ್ನ ಪಿಕಪ್‌ಗೂ ರಜೆ. ಈ ಬಿಡುವಿನಲ್ಲಿ ಅಡಿಭಾಗಕ್ಕೆ ಪೇಂಟ್ ಹೊಡೆಸೋಣ ಅಂತ ಗ್ಯಾರೇಜಿಗೆ ಬಿಟ್ಟಿದ್ದೆ. ಹತ್ತು ಗಂಟೆಗೆ ಮೆಕ್ಯಾನಿಕ್ ಫೋನ್ ಮಾಡಿ, "ಅಣ್ಣ, ಒಮ್ಮೆ ಬಂದು ನೋಡಿ" ಅಂದ.

ಹೋಗಿ ಗಾಡಿಯ ಕೆಳಗೆ ಮಲಗಿದೆ. ಅವನು ಚಾಸಿಯನ್ನು, ಅಂದರೆ ಗಾಡಿಯ ಭಾರ ಹೊರುವ ಕಬ್ಬಿಣದ ಚೌಕಟ್ಟನ್ನು, ಮುಂದಿನಿಂದ ಸುತ್ತಿಗೆಯಲ್ಲಿ ತಟ್ಟುತ್ತಾ ಬಂದ. ಎಂಜಿನ್ ಹತ್ತಿರ ಟಣ್ ಟಣ್ ಅನ್ನುತ್ತಿತ್ತು. ಹಿಂದಿನ ಲೀಫ್ ಸ್ಪ್ರಿಂಗ್ ಬ್ರಾಕೆಟ್ ಹತ್ತಿರ ಬಂದಾಗ ಸದ್ದು ಸತ್ತುಹೋಯಿತು. ಸ್ಕ್ರೂಡ್ರೈವರ್ ಒತ್ತಿದ, ಒಳಗೇ ಹೋಯಿತು. ಪದರ ಪದರವಾಗಿ ತುಕ್ಕು ಉದುರಿತು. 2 ವರ್ಷ 10 ತಿಂಗಳ ಗಾಡಿ. ಸಾಲದ ಕಂತು ಇನ್ನೂ 2 ವರ್ಷ ಇದೆ.

ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಚಾಸಿಯ ಆ ಭಾಗ ಪೆಟ್ಟಿಗೆಯ ಹಾಗೆ ಮುಚ್ಚಿದೆ. ಐಸ್ ಕರಗಿದ ಉಪ್ಪುನೀರು ಸೋರಿ ಒಳಗೆ ಸೇರುತ್ತದೆ, ನೀರು ಹೋಗಬೇಕಾದ ಸಣ್ಣ ತೂತು ಕೆಸರಿನಿಂದ ಕಟ್ಟಿಕೊಳ್ಳುತ್ತದೆ, ಆಮೇಲೆ ಅದು ಒಳಗಿನಿಂದಲೇ ಕಬ್ಬಿಣ ತಿನ್ನುತ್ತಾ ಬರುತ್ತದೆ. ಪ್ರತಿ ಟ್ರಿಪ್ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದಿದ್ದೇನೆ. ಆದರೆ ಒಳಗೋಡೆಗೆ ನನ್ನ ಪೈಪು ತಲುಪುವುದಿಲ್ಲ. ಅಲ್ಲಿಗೆ ತುಕ್ಕು ತಡೆಯುವ ಲೇಪ ಸರಿಯಾಗಿ ಹಾಕಬೇಕಾದದ್ದು ಗಾಡಿ ತಯಾರಾಗುವಾಗಲೇ, ಅಲ್ವಾ?

ಮಧ್ಯಾಹ್ನ ಶೋರೂಮಿಗೆ ಹೋದೆ. 3 ವರ್ಷದ ವಾರಂಟಿಯಲ್ಲಿ ಇನ್ನೂ 2 ತಿಂಗಳು ಬಾಕಿ. ಅಲ್ಲಿನ ಸರ್ವಿಸ್ ಅಡ್ವೈಸರ್ ವಾರಂಟಿ ಪುಸ್ತಕ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಉಪ್ಪಿನಿಂದ ಆದ ತುಕ್ಕು ವಾರಂಟಿಯಲ್ಲಿ ಬರೋದಿಲ್ಲ ಸರ್, ಅದು ಹೊರಗಿನ ಕಾರಣ." ನನಗೆ ತುಂಬಾ ಸಿಟ್ಟು ಬಂತು. ಕೊಳ್ಳುವಾಗ ಎಷ್ಟು ಮೀನಿನ ಬಾಕ್ಸ್ ಹಿಡಿಯುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದ್ದು ಇದೇ ಶೋರೂಮಿನವರು. ಬಂದರಿನ ಪಕ್ಕ ಗಾಡಿ ಮಾರುವಾಗ ಉಪ್ಪು ಗೊತ್ತಿರಲಿಲ್ಲವೇ? ಇಲ್ಲ ಅನ್ನುವುದನ್ನು ಬರೆದು ಕೊಡಿ ಅಂದೆ. ಒಂದು ಗಂಟೆ ಕಾಯಿಸಿ ಎರಡು ಸಾಲಿನ ಇಮೇಲ್ ಕಳಿಸಿದರು. ಅಷ್ಟಾದರೂ ಕೈಗೆ ಸಿಕ್ಕಿತು.

ರಾತ್ರಿ ಕೂತು ಓದಿದೆ. ಅಮೆರಿಕದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಅಲ್ಲಿ ಟೊಯೊಟಾ ಕಂಪನಿಯ ಟಕೋಮಾ ಪಿಕಪ್ ಮತ್ತಿತರ ಗಾಡಿಗಳ ಚಾಸಿ ಹೀಗೇ ತೂತು ಬಿದ್ದು, ತುಕ್ಕು ತಡೆಯುವ ಲೇಪ ಸಾಕಷ್ಟು ಇರಲಿಲ್ಲ ಅಂತ ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋದರು. 2016ರಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೆಯೇ ರಾಜಿಗೆ ಬಂತು. ಸುಮಾರು 15 ಲಕ್ಷ ಗಾಡಿ, 340 ಕೋಟಿ ಡಾಲರ್ ತನಕ ಅಂದಾಜು. ಚಾಸಿ ತೂತು ಬಿದ್ದ ಗಾಡಿಗೆ ಬೇರೆ ಚಾಸಿಯನ್ನೇ ಹಾಕಿಕೊಟ್ಟರು. ಅಲ್ಲೂ ಉಪ್ಪು ಹೊರಗಿನದೇ.

ನಮ್ಮಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಬಾಡಿಗೆಗೆ ಓಡಿಸುವ ಗಾಡಿಯ ದೂರು ಅಲ್ಲಿ ನಡೆಯುವುದಿಲ್ಲ ಅಂತ ಸುಮಾರು ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಮಾತ್ರ ಕೊಂಡ ವಸ್ತುವಿಗೆ ದೂರು ಕೊಡಬಹುದು. ನಾನೇ ಮಾಲೀಕ, ನಾನೇ ಡ್ರೈವರ್. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ.

ಒಂದೇ ತೊಂದರೆ. ಆಗಸ್ಟ್ 1ಕ್ಕೆ ಬೋಟು ಹೊರಟರೆ ಗಾಡಿ ಬೇಕೇ ಬೇಕು, ಪ್ಲೇಟ್ ಇಟ್ಟು ವೆಲ್ಡಿಂಗ್ ಮಾಡಿಸಿದರೆ ಸಾಕ್ಷಿಯಾಗಬೇಕಾದ ತೂತೇ ಮುಚ್ಚಿಹೋಗುತ್ತದೆ, ಮಾಡಿಸದೆ ಲೋಡ್ ಹೊತ್ತು ಘಾಟಿ ಹತ್ತಿದರೆ ಜೀವಕ್ಕೆ ಅಪಾಯ. ನಾಳೆ ಇಂಜಿನಿಯರ್ ಒಬ್ಬರನ್ನು ಕರೆದು ಅಳತೆ ತೆಗೆಸಿ, ಚಾಸಿ ನಂಬರ್ ಕಾಣುವ ಹಾಗೆ ಫೋಟೋ ಹಿಡಿದು, ವರದಿ ಬರೆಸಿಕೊಳ್ಳುತ್ತೇನೆ. ಅದು ಕೈಗೆ ಬರುವ ತನಕ ವೆಲ್ಡಿಂಗ್ ಮುಟ್ಟಬೇಡ ಅಂತ ಮೆಕ್ಯಾನಿಕ್‌ಗೆ ಹೇಳಿ ಬಂದಿದ್ದೇನೆ.