ಕೋಟೆ ಬಂಡೆಯಲ್ಲಿ ಡೈನೋಸಾರ್ ಯಾಕಿಲ್ಲ?

ಚಿತ್ರದುರ್ಗದ ಕೋಟೆ ನೋಡಲು ಬರುವ ಮಕ್ಕಳೆಲ್ಲ ಕೇಳೋದು ಒಂದೇ, ಇಲ್ಲಿ ಡೈನೋಸಾರ್ ಮೂಳೆ ಸಿಗುತ್ತಾ ಅಂತ. ಸಿಗಲ್ಲ. ಈ ಗ್ರಾನೈಟ್ ಹುಟ್ಟಿದ್ದು ಸುಮಾರು 260 ಕೋಟಿ ವರ್ಷಗಳ ಹಿಂದೆ. ಡೈನೋಸಾರ್ ಬಂದು ಇನ್ನೂ 23 ಕೋಟಿ ವರ್ಷ ಆಗಿದೆ ಅಷ್ಟೇ. ಬಂಡೆ ಹುಟ್ಟಿದ ಕಾಲಕ್ಕೆ ಇದ್ದ ಜೀವ ಅಂದ್ರೆ ಬರೀ ಸೂಕ್ಷ್ಮಾಣುಗಳು.

ನನಗೆ ಕೋಟೆಗಿಂತ ಜಾಸ್ತಿ ಇಷ್ಟ ಐಮಂಗಲದ ಹತ್ತಿರದ ಮರಡಿಹಳ್ಳಿ. ಅಲ್ಲಿನ ಕಲ್ಲು ಥೇಟ್ ದಿಂಬುಗಳನ್ನು ಒಟ್ಟಿದ ಹಾಗಿದೆ. ನೀರಿನಡಿಯಲ್ಲಿ ಉಕ್ಕಿದ ಲಾವಾ ತಣ್ಣೀರು ತಾಗಿದ ಕೂಡಲೇ ಮೇಲೆ ಗಟ್ಟಿಯಾಗಿ, ಒಳಗಿನ ಬಿಸಿ ರಸ ಆ ಸಿಪ್ಪೆ ಒಡೆದುಕೊಂಡು ಮತ್ತೆ ಹೊರಬಂದು, ಹೀಗೆ ಉಂಡೆ ಉಂಡೆಯಾಗಿ ಕೂತಿದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಇದು, ಆದ್ರೂ ಹೆದ್ದಾರಿಯಲ್ಲಿ ಹೋಗುವ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಬರಗಾಲದ ನಮ್ಮ ಜಿಲ್ಲೆ ಒಮ್ಮೆ ಸಮುದ್ರದ ತಳ! ಟ್ಯಾಂಕರ್ ಕಾಯುವಾಗ ನೆನಪಾದ್ರೆ ನಗು ಬರುತ್ತೆ ಅಲ್ವಾ?

ಆಮೇಲೆ ಖಂಡಗಳು ಎಷ್ಟೋ ಸಲ ಕೂಡಿದವು, ಒಡೆದವು. ಈ ನೆಲ ಗೊಂಡ್ವಾನ ಅನ್ನೋ ಹಳೇ ಮಹಾಖಂಡದಲ್ಲಿ ಆಫ್ರಿಕಾ, ಅಂಟಾರ್ಕ್ಟಿಕಾ ಜೊತೆ ಅಂಟಿಕೊಂಡಿತ್ತು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಕೈಬಿಟ್ಟು ಉತ್ತರಕ್ಕೆ ಹೊರಟಿತು. ಡೈನೋಸಾರ್ ಸಂತತಿ 6.6 ಕೋಟಿ ವರ್ಷಗಳ ಹಿಂದೆ ಅಳಿದಾಗ ನಾವು ಇನ್ನೂ ದಾರಿಯಲ್ಲೇ ಇದ್ದೆವು. ಏಷ್ಯಾಗೆ ಗುದ್ದಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಮಧ್ಯದಲ್ಲಿದ್ದ ಟೆಥಿಸ್ ಸಮುದ್ರದ ಚಿಪ್ಪುಜೀವಿಗಳು ಈಗ ಹಿಮಾಲಯದ ಸ್ಪಿತಿ ಕಣಿವೆಯಲ್ಲಿ ಕಲ್ಲಾಗಿ ಸಿಗುತ್ತವೆ.