ನಲ್ಲೂರಿನ ಹುಣಸೆ ತೋಪಿನಲ್ಲಿ ಮಾವನ ಜೊತೆ

ದೇವನಹಳ್ಳಿ ಬಿಟ್ಟು ಸೂಲಿಬೆಲೆ ರಸ್ತೆಗೆ ಬಿದ್ದರೆ ಎತ್ತ ನೋಡಿದರೂ ಲೇಔಟ್ ಬೋರ್ಡುಗಳೇ. ಒಂದೊಂದರಲ್ಲೂ ಏರ್‌ಪೋರ್ಟ್ ಎಷ್ಟು ಹತ್ತಿರ ಅನ್ನುವ ಬಣ್ಣನೆ. ಆ ರಸ್ತೆಯಲ್ಲೇ ನಲ್ಲೂರು. ಬಂಧುಗಳ ಮನೆಯ ಮದುವೆ ಮುಗಿಸಿ ಬರುವಾಗ, ಸೋದರಮಾವನನ್ನು ಒತ್ತಾಯ ಮಾಡಿ ಅಲ್ಲಿನ ಹುಣಸೆ ತೋಪಿಗೆ ಕರೆದುಕೊಂಡು ಹೋದೆ. "ಹುಣಸೆಮರ ನೋಡೋಕೆ ಪೆಟ್ರೋಲ್ ಸುಡ್ತೀಯಾ?" ಅಂತ ಅವರು ಗೊಣಗಿದರು. ಹೊಲದವರಿಗೆ ಹುಣಸೆಮರ ಅಂದರೆ ಅಷ್ಟೇ, ಅಲ್ವಾ?

ಸುಮಾರು 54 ಎಕರೆ ಜಾಗ, 300ರ ಆಸುಪಾಸಿನಲ್ಲಿ ಮರಗಳು. ಕೆಲವಕ್ಕೆ 400 ವರ್ಷ ದಾಟಿದೆ ಎಂದು ಲೆಕ್ಕ ಹಾಕಿದ್ದಾರೆ. ಊರಿನವರನ್ನು ಕೇಳಿದರೆ ಚೋಳರ ಕಾಲದ್ದು ಅನ್ನುತ್ತಾರೆ. ನಡುವೆ ಪಾಳುಬಿದ್ದ ಚೆನ್ನಕೇಶವ ದೇವಸ್ಥಾನ ಇರುವುದರಿಂದ ಆ ಮಾತಿಗೆ ಒಂದು ಬಲವೂ ಸಿಕ್ಕಿದೆ.

ನನಗೆ ವಯಸ್ಸಿಗಿಂತ ಜಾಸ್ತಿ ಹಿಡಿಸಿದ್ದು ಇಲ್ಲಿನ ಮರಗಳು ಬೀಳುವ ರೀತಿ. ಒಂದು ಮರ ಪೂರ್ತಿ ಮಗ್ಗುಲಾಗಿತ್ತು. ಬುಡದೊಳಗೆ ಒಬ್ಬ ಮನುಷ್ಯ ಕೂರುವಷ್ಟು ದೊಡ್ಡ ಪೊಟರೆ. ಇದು ಸತ್ತೇ ಹೋಯಿತು ಅನ್ನಬೇಕು, ಅಷ್ಟರಲ್ಲಿ ತುದಿಯ ಕಡೆ ಹಸಿರು ಕಂಡಿತು. ನೆಲ ಮುಟ್ಟಿದ ಕೊಂಬೆ ಅಲ್ಲೇ ಬೇರು ಬಿಟ್ಟು, ಹೊಸ ಕಾಂಡವಾಗಿ ಎದ್ದು ನಿಂತಿತ್ತು. ಹಳೆ ಹುಣಸೆಯಲ್ಲಿ ಒಳಗಿನ ತಿರುಳು ಕೊಳೆತರೂ ತೊಗಟೆಯ ಕೆಳಗಿರುವ ಕಾಂಡದ ಹೊರಪದರ ನೀರು ಸಾಗಿಸುತ್ತಲೇ ಇರುತ್ತದೆ. ಹೀಗೆ ಬಿದ್ದು ಎದ್ದು, ಮತ್ತೆ ಬಿದ್ದು ಬಂದ ಮರಗಳಲ್ಲಿ ತಾಯಿ ಯಾವುದು, ಮಗು ಯಾವುದು ಹೇಳುವುದು ಕಷ್ಟ. ಕೆಲವು ಕಾಂಡಗಳು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿದ್ದವು.

ಮಾವ ನೆಲದಲ್ಲಿ ಬಿದ್ದಿದ್ದ ಒಂದು ಹಣ್ಣು ಎತ್ತಿ, ಸಿಪ್ಪೆ ಮುರಿದು ಬಾಯಿಗೆ ಹಾಕಿದರು. ಕಣ್ಣು ಕಿರಿದಾಯಿತು. "ಹುಣಸೆ ಮುಪ್ಪಾದರೆ ಹುಳಿ ಮುಪ್ಪಾ?" ಅಂದು ನಕ್ಕರು. ಆಮೇಲೆ ನನಗಿಂತ ಅವರೇ ಮುಂದೆ ಮುಂದೆ ನಡೆದು ಒಂದೊಂದೇ ಬುಡ ತಟ್ಟಿ ನೋಡತೊಡಗಿದರು.

2002ರ ಜೀವವೈವಿಧ್ಯ ಕಾಯ್ದೆಯಡಿ ಈ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದರು. ದೇಶದಲ್ಲೇ ಮೊದಲನೆಯದು. ಮರುವರ್ಷ, 2008ರ ಮೇನಲ್ಲಿ, ವಿಮಾನ ನಿಲ್ದಾಣ ಶುರುವಾಯಿತು. ನನಗೇನೋ ಈ ಎರಡು ಇಸವಿಗಳು ಅಕ್ಕಪಕ್ಕ ಬಂದದ್ದೇ ತೋಪಿನ ಪುಣ್ಯ ಅನ್ನಿಸುತ್ತದೆ. ಹಿಂದುಮುಂದಾಗಿದ್ದರೆ 54 ಎಕರೆ ಖಾಲಿ ಜಾಗ ಅಂತಲೇ ಎಷ್ಟೋ ಜನರ ಕಣ್ಣಿಗೆ ಕಾಣುತ್ತಿತ್ತು. ಮಾವನ ಕಣ್ಣಿಗೂ ಕಂಡಿತು! "ಇಲ್ಲಿ ಎಕರೆಗೆ ಏನು ರೇಟು ಗೊತ್ತೇನೋ?" ಅಂತ ಕೇಳಿಯೇಬಿಟ್ಟರು.

ಅವರನ್ನು ಬೈಯುವ ಹಾಗಿಲ್ಲ. ಅವರ ಹೊಲದ ಬದುಗಳಲ್ಲೂ ಹಿಂದೆ ಹುಣಸೆಮರಗಳಿದ್ದವು. ನೆರಳಿಗೆ ರಾಗಿ ಬರಲ್ಲ ಅಂತ ಕಡಿಸಿದರು. ಆಮೇಲೆ ನೀಲಗಿರಿ ಹಾಕಿದರು, ಈ ಸೀಮೆಯಲ್ಲಿ ಬಹಳ ಜನ ಹಾಕಿದ ಹಾಗೆ. ಈಗ ಉಳಿದಿರುವುದು ಬಾವಿ ಪಕ್ಕದ ಒಂದೇ ಒಂದು ಹುಣಸೆ. ಅದನ್ನೂ ತೆಗೆಸಬೇಕು ಅಂತ ಮದುವೆ ಮನೆಯಲ್ಲೇ ಯಾರ ಹತ್ತಿರವೋ ಮಾತಾಡುತ್ತಿದ್ದರು.

ಕಾರಿಗೆ ಹತ್ತುವಾಗ ಮೆಲ್ಲಗೆ ಕೇಳಿದೆ, "ಬಾವಿ ಹತ್ತಿರದ ಮರ ಏನ್ಮಾಡ್ತೀರಾ ಮಾವ?"

"ಕಡಿಸೋದೇ. ಆ ಕಡೆ ಎರಡು ಸಾಲು ರಾಗಿ ಬರ್ತಾ ಇಲ್ಲ" ಅಂದರು. ಸ್ವಲ್ಪ ದೂರ ಹೋದ ಮೇಲೆ ತಾವೇ ಮತ್ತೆ ಅಂದರು: "ನಿಮ್ಮತ್ತೆ ಒಪ್ಪಲ್ಲ ಬಿಡು. ಅಂಗಡಿ ಹುಣಸೆಹಣ್ಣಲ್ಲಿ ಅವಳು ಸಾರು ಮಾಡಲ್ಲ."